ಸ್ಕೂಬಾ ಕಲಿಯಲು ಎಂಥ ಇನ್‌ಸ್ಟ್ರಕ್ಟರ್ ಬೇಕು? ಮುಂಗಡ ಕಟ್ಟುವ ಮುನ್ನ ಕೇಳಬೇಕಾದ್ದು

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಕೆಲಸ. ಕಳೆದ ವರ್ಷ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಒಂದು ಟ್ರೈ ಡೈವ್ ಮಾಡಿದ ಮೇಲೆ ಹುಚ್ಚು ಹಿಡಿದಂತಾಗಿದೆ. ಈ ಸೀಸನ್ನಿನಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿ, ಮುಂದೆ ನೀರೊಳಗೆ ಫೋಟೊ ತೆಗೆಯುವ ಆಸೆ. ಹೆಂಡತಿಯೂ ಬರುತ್ತೇನೆ ಎನ್ನುತ್ತಾಳೆ, ಆದರೆ ಅವಳಿಗೆ ಈಜು ಬಾರದು, ನೀರೆಂದರೆ ಸ್ವಲ್ಪ ಭಯ. ನನಗೆ ಚಿಕ್ಕಂದಿನಲ್ಲಿ ವೀಸಿಂಗ್ ಇತ್ತು, ಈಗಿಲ್ಲ. ಒಬ್ಬರು ಪ್ಯಾಡಿ ಒಳ್ಳೆಯದು ಅಂತಾರೆ, ಇನ್ನೊಬ್ಬರು ಎಸ್‌ಎಸ್‌ಐ ಅಂತಾರೆ. ಯಾರ ಹತ್ತಿರ ಕಲಿಯಬೇಕು ಅಂತ ಹೇಗೆ ತೀರ್ಮಾನಿಸುವುದು?

ಉತ್ತರ: ಪ್ಯಾಡಿಯೋ ಎಸ್‌ಎಸ್‌ಐಯೋ ಎಂಬುದನ್ನು ಮೊದಲು ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ. ಪ್ಯಾಡಿ 1966ರಲ್ಲಿ, ಎಸ್‌ಎಸ್‌ಐ 1970ರಲ್ಲಿ, ಎರಡೂ ಅಮೆರಿಕದಲ್ಲಿ ಹುಟ್ಟಿದ ಡೈವಿಂಗ್ ತರಬೇತಿ ಸಂಸ್ಥೆಗಳು. ಎರಡರ ಓಪನ್ ವಾಟರ್ ಕೋರ್ಸೂ ಐಎಸ್‌ಒ 24801-2 ಎಂಬ ಒಂದೇ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದುತ್ತದೆ, ಎರಡೂ 18 ಮೀಟರ್ ಆಳಕ್ಕೆ ಅರ್ಹತೆ ಕೊಡುತ್ತವೆ, ಯಾವ ಕಾರ್ಡ್ ತೋರಿಸಿದರೂ ಊರೂರಿನ ಡೈವ್ ಸೆಂಟರುಗಳು ಒಪ್ಪುತ್ತವೆ. ಎಸ್‌ಎಸ್‌ಐ ಇನ್‌ಸ್ಟ್ರಕ್ಟರ್ ಯಾವುದಾದರೂ ಡೈವ್ ಸೆಂಟರಿನ ಅಡಿಯಲ್ಲೇ ಕಲಿಸಬೇಕು, ಪ್ಯಾಡಿಯವರು ಸ್ವತಂತ್ರವಾಗಿಯೂ ಕಲಿಸಬಹುದು. ನಿಮ್ಮ ಮಟ್ಟಿಗೆ ಮುಖ್ಯವಾದ ವ್ಯತ್ಯಾಸ ಇಷ್ಟೇ. ಒಂದೇ ಸಂಸ್ಥೆಯ ಇಬ್ಬರು ಇನ್‌ಸ್ಟ್ರಕ್ಟರುಗಳ ನಡುವಿನ ಅಂತರ ಎರಡು ಸಂಸ್ಥೆಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದು.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಒಂದಲ್ಲ, ಎರಡು ಗುರಿಗಳಿವೆ. ನಿಮಗೆ ಬೇಕಾದ್ದು ಕ್ಯಾಮೆರಾ ಹಿಡಿದು ಹವಳದ ಪಕ್ಕದಲ್ಲಿ ಅಲುಗಾಡದೆ ನಿಲ್ಲುವ ವಿದ್ಯೆ. ನಿಮ್ಮ ಹೆಂಡತಿಗೆ ಬೇಕಾದ್ದು ನೀರಿನ ಪರಿಚಯ. ಇಬ್ಬರನ್ನೂ ಒಂದೇ ಬ್ಯಾಚಿಗೆ, ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಗಾಬರಿ. ಅದಕ್ಕೇ ಬೇರೆಬೇರೆಯಾಗಿ ನೋಡೋಣ.

ನೇತ್ರಾಣಿಯಲ್ಲಿ ನೀವು ಮಾಡಿದ್ದನ್ನೇ ನೆನಪಿಸಿಕೊಳ್ಳಿ. ಟ್ರೈ ಡೈವಿನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರಿನ ಹಿಡಿಯನ್ನು ಹಿಡಿದುಕೊಂಡಿರುತ್ತಾರೆ, ನಿಮ್ಮ ಬಿಸಿಡಿಗೆ (ಗಾಳಿ ತುಂಬಿ, ಬಿಟ್ಟು ತೇಲುವಿಕೆಯನ್ನು ಹದಗೊಳಿಸುವ ಜಾಕೆಟ್ಟಿಗೆ) ಗಾಳಿ ತುಂಬುವವರೂ ಬಿಡುವವರೂ ಅವರೇ, ಎಲ್ಲಿಗೆ ಹೋಗಬೇಕೆಂಬುದೂ ಅವರದೇ. ನೀವು ಉಸಿರಾಡುತ್ತಾ ಮೀನು ನೋಡಿ ಬರುತ್ತೀರಿ. ಅದು ತಪ್ಪಲ್ಲ, ಆ ಅನುಭವ ಇರುವುದೇ ಹಾಗೆ. ಆದರೆ ಟ್ರೈ ಡೈವ್ ಚೆನ್ನಾಗಿ ಮಾಡಿಸಿದವರು ಕೋರ್ಸನ್ನೂ ಚೆನ್ನಾಗಿ ಕಲಿಸುತ್ತಾರೆ ಎನ್ನಲಾಗದು. ಕರೆದುಕೊಂಡು ಹೋಗುವುದು ಒಂದು ಕೆಲಸ, ಕೈಬಿಟ್ಟು ಕಲಿಸುವುದು ಇನ್ನೊಂದು ಕೆಲಸ. ವಾರಾಂತ್ಯದ ದೋಣಿಯಲ್ಲಿ ದಿನಕ್ಕೆ ಹತ್ತಾರು ಜನರನ್ನು ಇಳಿಸಿ ಹತ್ತಿಸುವ ಅಭ್ಯಾಸವಾದವರಿಗೆ ಕೋರ್ಸಿನ ತಾಳ್ಮೆ ಬೇರೆಯಾಗಿ ಬೇಕಾಗುತ್ತದೆ.

ಪ್ಯಾಡಿ ಓಪನ್ ವಾಟರ್ ಕೋರ್ಸಿನಲ್ಲಿ ಏನೇನಿರಬೇಕು ಎಂಬುದು ಗೊತ್ತಿದ್ದರೆ ಅರ್ಧ ಜರಡಿ ಹಿಡಿದಂತೆ. ಥಿಯರಿಯ ಐದು ಭಾಗಗಳು ಮತ್ತು ಪರೀಕ್ಷೆ. ಈಜುಕೊಳದಲ್ಲಿ ಅಥವಾ ಅಲೆಯಿಲ್ಲದ ಆಳ ಕಡಿಮೆಯ ನೀರಿನಲ್ಲಿ ಐದು ಅಭ್ಯಾಸ ಡೈವ್. ಸಮುದ್ರದಲ್ಲಿ ನಾಲ್ಕು ಡೈವ್. ಸಮುದ್ರದ ತರಬೇತಿ ಡೈವ್ ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡಿಸುವಂತಿಲ್ಲ, ಹಾಗಾಗಿ ಸಮುದ್ರಕ್ಕೇ ಕನಿಷ್ಠ ಎರಡು ದಿನ. ಮನೆಯಲ್ಲೇ ಆನ್‌ಲೈನಿನಲ್ಲಿ ಥಿಯರಿ ಓದಿಕೊಂಡು ಹೋದರೂ ಒಟ್ಟು ಮೂರರಿಂದ ನಾಲ್ಕು ದಿನ ಬೇಕು. ‘ಶನಿವಾರ ಬನ್ನಿ, ಭಾನುವಾರ ಕಾರ್ಡ್’ ಎನ್ನುವವರು ಏನನ್ನೋ ಕತ್ತರಿಸಿದ್ದಾರೆ. ಸಾಮಾನ್ಯವಾಗಿ ಕತ್ತರಿ ಬೀಳುವುದು ಆ ಐದು ಅಭ್ಯಾಸ ಡೈವುಗಳಿಗೆ. ಕಲಿಕೆ ನಡೆಯುವುದೇ ಅಲ್ಲಿ.

ಫೋನಿನಲ್ಲಿ ಮೊದಲು ಕೇಳಬೇಕಾದ್ದು: ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಪ್ಯಾಡಿ ನಿಯಮದ ಪ್ರಕಾರ ಓಪನ್ ವಾಟರ್ ಕೋರ್ಸಿನ ಸಮುದ್ರ ಡೈವಿನಲ್ಲಿ ಒಬ್ಬರಿಗೆ ಗರಿಷ್ಠ ಎಂಟು. ನಿಯಮ ಎಂಟು ಅಂದರೂ ನೀವು ನಾಲ್ಕಕ್ಕಿಂತ ಮೇಲೆ ಒಪ್ಪಬೇಡಿ. ಲೆಕ್ಕ ಸರಳ. ಮಾಸ್ಕಿನೊಳಗೆ ನೀರು ತುಂಬಿಸಿ ಹೊರಹಾಕುವುದು, ಬಾಯಿಂದ ಬಿಟ್ಟ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಾಧನವನ್ನು) ಮತ್ತೆ ಹುಡುಕಿಕೊಳ್ಳುವುದು, ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರಿನಿಂದ ಉಸಿರಾಡುವುದು, ಇಂಥ ಐದು ಕೌಶಲಗಳಿವೆ ಎನ್ನಿ. ಒಬ್ಬರಿಗೆ ಒಂದು ನಿಮಿಷ ಹಿಡಿದರೂ ಎಂಟು ಜನಕ್ಕೆ ನಲವತ್ತು ನಿಮಿಷ, ಅಲ್ಲಿಗೆ ಸಿಲಿಂಡರೇ ಖಾಲಿ. ನಿಮ್ಮ ಪಾಲಿಗೆ ಬರುವುದು ಐದು ನಿಮಿಷದ ಕಲಿಕೆ, ಮೂವತ್ತೈದು ನಿಮಿಷ ಮರಳಿನ ಮೇಲೆ ಮಂಡಿಯೂರಿ ಕಾಯುವುದು. ಇನ್ನೂ ಒಂದಿದೆ. ಗಾಳಿ ಮುಗಿದಾಗ ಒಂದೇ ಉಸಿರು ನಿಧಾನಕ್ಕೆ ಬಿಡುತ್ತಾ ಮೇಲೆ ಬರುವ ಅಭ್ಯಾಸವನ್ನು ಇನ್‌ಸ್ಟ್ರಕ್ಟರ್ ಒಬ್ಬೊಬ್ಬರ ಜೊತೆಗೇ ಮಾಡಿಸಬೇಕು. ಅವರು ಒಬ್ಬರೊಂದಿಗೆ ಮೇಲೆ ಹೋದಾಗ ಉಳಿದವರನ್ನು ಯಾರು ನೋಡಿಕೊಳ್ಳುತ್ತಾರೆ? ‘ನಮ್ಮ ಡೈವ್‌ಮಾಸ್ಟರ್ ಜೊತೆಗಿರುತ್ತಾರೆ’ ಎಂಬ ಉತ್ತರ ತಕ್ಷಣ ಬಂದರೆ ಸರಿ (ಡೈವ್‌ಮಾಸ್ಟರ್ ಎಂದರೆ ಇನ್‌ಸ್ಟ್ರಕ್ಟರಿಗಿಂತ ಕೆಳಗಿನ ಹಂತದವರು, ಡೈವರುಗಳನ್ನು ನೋಡಿಕೊಳ್ಳುವವರು). ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಎರಡನೆಯದು, ನಿಜವಾಗಿ ಕಲಿಸುವವರು ಯಾರು? ಫೋನಿನಲ್ಲಿ ಸೊಗಸಾಗಿ ಮಾತಾಡಿದವರು ಒಬ್ಬರು, ದೋಣಿಯಲ್ಲಿ ಸಿಗುವವರು ಇನ್ನೊಬ್ಬರು ಆಗುವುದು ಮಾಮೂಲು. ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಕೇಳಿ. ಆ ಸಂಖ್ಯೆ ಹಾಕಿದರೆ ಅವರು ಈಗ ಕಲಿಸುವ ಅರ್ಹತೆ ಹೊಂದಿದ್ದಾರೋ ಇಲ್ಲವೋ ಎಂಬುದು ಸಂಸ್ಥೆಯ ಜಾಲತಾಣದಲ್ಲೇ ಗೊತ್ತಾಗುತ್ತದೆ. ಇನ್‌ಸ್ಟ್ರಕ್ಟರುಗಳು ವರ್ಷವರ್ಷ ಸದಸ್ಯತ್ವ ನವೀಕರಿಸಬೇಕು, ನವೀಕರಿಸದವರು ಕಲಿಸುವಂತಿಲ್ಲ. ಡೈವ್‌ಮಾಸ್ಟರ್ ಎಷ್ಟೇ ಅನುಭವಿಯಾದರೂ ಓಪನ್ ವಾಟರ್ ಕಾರ್ಡ್ ಕೊಡುವ ಅಧಿಕಾರ ಅವರಿಗಿಲ್ಲ. ಸಂಖ್ಯೆ ಕೇಳಿದ್ದಕ್ಕೆ ಮುಖ ಸಿಂಡರಿಸುವವರನ್ನು ಅಲ್ಲೇ ಬಿಡಿ. ಒಳ್ಳೆಯ ಇನ್‌ಸ್ಟ್ರಕ್ಟರಿಗೆ ಅದು ಬಸ್ಸಿನಲ್ಲಿ ಟಿಕೆಟ್ ತೋರಿಸಿದಷ್ಟೇ ಸಹಜ.

ಹೆಸರಿನ ಮುಂದಿನ ಬಿರುದುಗಳಿಗೆ ತೀರ ಮರುಳಾಗಬೇಕಿಲ್ಲ. ಪ್ಯಾಡಿಯಲ್ಲಿ ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಕೂರಲು 100 ಡೈವ್ ಆಗಿದ್ದರೆ ಸಾಕು. ಮಾಸ್ಟರ್ ಸ್ಕೂಬಾ ಡೈವರ್ ಟ್ರೇನರ್ ಎನಿಸಿಕೊಳ್ಳಲು ಐದು ವಿಶೇಷ ಕೋರ್ಸ್ ಕಲಿಸುವ ಅರ್ಹತೆ ಮತ್ತು 25 ಜನರಿಗೆ ಸರ್ಟಿಫಿಕೇಟ್ ಕೊಟ್ಟ ದಾಖಲೆ ಬೇಕು. ಎಷ್ಟು ಜನರಿಗೆ ಕಲಿಸಿದರು ಎಂಬುದು ಅದರಿಂದ ತಿಳಿಯುತ್ತದೆ, ಹೇಗೆ ಕಲಿಸಿದರು ಎಂಬುದು ತಿಳಿಯುವುದಿಲ್ಲ. 5,000 ಡೈವ್ ಮಾಡಿದವರಿಗೆ ಮೊದಲ ದಿನದ ಭಯ ಮರೆತೇ ಹೋಗಿರಬಹುದು. ಎರಡನೇ ಸೀಸನ್ನಿನ ಹುಡುಗಿ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಬಹುದು. ‘ಎಷ್ಟು ಡೈವ್ ಆಗಿದೆ’ ಎನ್ನುವ ಬದಲು ‘ಈ ತಿಂಗಳು ಓಪನ್ ವಾಟರ್ ಕೋರ್ಸ್ ಎಷ್ಟು ಮಾಡಿಸಿದಿರಿ, ಅದರಲ್ಲಿ ಕಾರ್ಡ್ ಕೊಡದೆ ಇನ್ನೊಂದು ದಿನ ಬನ್ನಿ ಎಂದಿದ್ದು ಯಾರಿಗಾದರೂ ಉಂಟೇ’ ಎಂದು ಕೇಳಿ. ಇಲ್ಲವೇ ಇಲ್ಲ, ನಮ್ಮಲ್ಲಿ ಎಲ್ಲರೂ ಪಾಸು ಎನ್ನುವುದು ಹೆಮ್ಮೆಯ ಉತ್ತರವಲ್ಲ.

ಈಗ ನಿಮ್ಮ ಫೋಟೊಗ್ರಫಿಯ ವಿಷಯ. ಇದರಲ್ಲಿ ತೂರಿ ನೋಡಬೇಕಾದ್ದು ಒಂದೇ: ಆ ಇನ್‌ಸ್ಟ್ರಕ್ಟರ್ ತೇಲುವುದನ್ನು ಹೇಗೆ ಕಲಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಸೊಂಟಕ್ಕೆ ಅಗತ್ಯಕ್ಕಿಂತ ಎರಡು ಮೂರು ಕಿಲೋ ಹೆಚ್ಚು ಸೀಸ ಕಟ್ಟಿ, ವಿದ್ಯಾರ್ಥಿಗಳನ್ನು ತಳದಲ್ಲಿ ಮಂಡಿಯೂರಿ ಕೂರಿಸಿ, ಎಲ್ಲ ಕೌಶಲಗಳನ್ನೂ ಅಲ್ಲೇ ಮಾಡಿಸಿ ಮುಗಿಸುತ್ತಾರೆ. ಇನ್‌ಸ್ಟ್ರಕ್ಟರಿಗೆ ಅದು ಸುಲಭ, ಯಾರೂ ಅತ್ತಿತ್ತ ಹೋಗುವುದಿಲ್ಲ. ಆದರೆ ಮುಂದಿನ ಡೈವಿನಲ್ಲಿ ಮಂಡಿಯೂರಲು ಮರಳಿರುವುದಿಲ್ಲ, ಹವಳವಿರುತ್ತದೆ. ಹೆಚ್ಚು ಸೀಸ ಕಟ್ಟಿದವನು ಅದನ್ನು ಸರಿದೂಗಿಸಲು ಬಿಸಿಡಿಗೆ ಹೆಚ್ಚು ಗಾಳಿ ತುಂಬಿಸುತ್ತಾನೆ. ಆ ಗಾಳಿ ಮೇಲೇರುತ್ತಾ ಹಿಗ್ಗುತ್ತದೆ, ಇಳಿಯುತ್ತಾ ಕುಗ್ಗುತ್ತದೆ. 10 ಮೀಟರಿನಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು, ಹಾಗಾಗಿ ಅಲ್ಲಿ ತುಂಬಿದ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್. ಗಾಳಿ ಹೆಚ್ಚಿದ್ದಷ್ಟೂ ಏರಿಳಿತ ಹೆಚ್ಚು. ಯೋಯೋ ಆಟದಂತೆ ಮೇಲೆ ಕೆಳಗೆ ಹೋಗುವ ಕೈಯಲ್ಲಿ ಯಾವ ಕ್ಯಾಮೆರಾವೂ ನಿಲ್ಲುವುದಿಲ್ಲ, ಜೊತೆಗೆ ಗಾಳಿಯೂ ಬೇಗ ಖಾಲಿ.

ಸರಿಯಾಗಿ ಕಲಿಸುವವರು ಮೊದಲ ದಿನವೇ ತೂಕ ನೋಡುತ್ತಾರೆ. ಬಿಸಿಡಿ ಖಾಲಿ ಮಾಡಿ, ಸಾಮಾನ್ಯ ಉಸಿರು ಹಿಡಿದು ನೇರ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಡೈವ್ ಮುಗಿಯುವ ಹೊತ್ತಿಗೆ ಅದನ್ನೇ ಮತ್ತೆ ನೋಡುತ್ತಾರೆ. ಯಾಕೆಂದರೆ ಸಾಮಾನ್ಯವಾಗಿ ಬಳಸುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50ಕ್ಕೆ ಇಳಿಯುವಷ್ಟರಲ್ಲಿ ಸುಮಾರು ಎರಡು ಕಿಲೋ ಗಾಳಿ ಉಸಿರಾಗಿ ಹೋಗಿರುತ್ತದೆ, ನೀವು ಅಷ್ಟು ಹಗುರಾಗಿರುತ್ತೀರಿ. ಆ ಹಗುರದಲ್ಲೂ 5 ಮೀಟರಿನಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುನ್ನ ಸುರಕ್ಷತೆಗಾಗಿ ನಿಲ್ಲುವುದು) ಹಿಡಿದು ನಿಲ್ಲಲು ಬೇಕಾಗುವಷ್ಟೇ ಸೀಸ ನಿಮ್ಮ ಸರಿಯಾದ ತೂಕ. ಈ ಲೆಕ್ಕವನ್ನು ನಿಮಗೆ ಬಿಡಿಸಿ ಹೇಳದೆ ‘ನಿಮ್ಮ ಮೈಕಟ್ಟಿಗೆ ಎಂಟು ಕಿಲೋ ಸಾಕು’ ಎಂದು ಬೆಲ್ಟ್ ಕಟ್ಟಿಬಿಡುವವರಿಂದ ಫೋಟೊಗ್ರಾಫರ್ ಏನೂ ಕಲಿಯಲಾರ.

ಮುಂಗಡ ಕೊಡುವ ಮೊದಲು ಅವರ ಒಂದು ಈಜುಕೊಳದ ತರಗತಿಯನ್ನು ದಡದಲ್ಲಿ ಕುಳಿತು ಅರ್ಧ ಗಂಟೆ ನೋಡುತ್ತೇನೆ ಅನ್ನಿ. ಒಪ್ಪಿದರೆ ಮೂರು ವಿಷಯ ಗಮನಿಸಿ. ಕೌಶಲ ತೋರಿಸುವಾಗ ಇನ್‌ಸ್ಟ್ರಕ್ಟರ್ ಅಡ್ಡಡ್ಡ ತೇಲುತ್ತಿದ್ದಾರೋ, ಕೂತಿದ್ದಾರೋ. ವಿದ್ಯಾರ್ಥಿ ಎಡವಿದಾಗ ಕೈಹಾಕಿ ತಾವೇ ಸರಿಮಾಡುತ್ತಾರೋ, ಮತ್ತೆ ಮಾಡಿಸುತ್ತಾರೋ. ಮೇಲೆ ಬಂದ ಮೇಲೆ ಒಬ್ಬೊಬ್ಬರಿಗೂ ಏನು ತಪ್ಪಾಯಿತೆಂದು ಹೇಳುತ್ತಾರೋ, ‘ಸೂಪರ್, ಸೂಪರ್’ ಎಂದು ಎಲ್ಲರ ಬೆನ್ನು ತಟ್ಟಿ ಮುಗಿಸುತ್ತಾರೋ. ಕಲಿಸುವವರ ಕೈಯಲ್ಲಿ ಗೋಪ್ರೊ ಇದ್ದರೆ ಅದೂ ಒಂದು ಲಕ್ಷಣವೇ. ಒಂದು ಕಣ್ಣು ಪರದೆಯ ಮೇಲಿದ್ದಾಗ ನಾಲ್ಕು ಜನರ ಮೇಲೆ ಇರಬೇಕಾದ್ದು ಇನ್ನೊಂದೇ ಕಣ್ಣು. ವಿಡಿಯೊ ಬೇಕೆಂದರೆ ಬೇರೆ ಮನುಷ್ಯ ಇರಬೇಕು.

ನೀವೂ ಅಷ್ಟೇ, ಕೋರ್ಸಿನಲ್ಲಿ ಕ್ಯಾಮೆರಾ ಒಯ್ಯಬೇಡಿ. ಕಾರ್ಡ್ ಸಿಕ್ಕ ಕೂಡಲೇ ಅಡ್ವಾನ್ಸ್‌ಡ್ ಕೋರ್ಸಿಗೆ ಹಾರುವ ಅವಸರವೂ ಬೇಡ. ಅದು 30 ಮೀಟರಿಗೆ ಅರ್ಹತೆ ಕೊಡುತ್ತದೆ, ಆದರೆ ಬಣ್ಣ, ಬೆಳಕು, ಹೆಚ್ಚಿನ ಮೀನು ಇರುವುದು 15 ಮೀಟರಿಗಿಂತ ಕಡಿಮೆ ಆಳದಲ್ಲೇ. ಕೆಂಪು ಬಣ್ಣವಂತೂ ಮೊದಲ ಐದಾರು ಮೀಟರಿನಲ್ಲೇ ಮಂಕಾಗಿಬಿಡುತ್ತದೆ. ಸುಮ್ಮನೆ 15-20 ಡೈವ್ ಮಾಡಿ, ಕೈ ಆಡಿಸದೆ ಒಂದೇ ಕಡೆ ನಿಲ್ಲುವುದು ಬಂದ ಮೇಲೆ ಕ್ಯಾಮೆರಾ ತೆಗೆದುಕೊಳ್ಳಿ. ಆಗ ನಿಮಗೆ ಬೇಕಾಗುವ ಗುರು ಬೇರೆ: ತಾವೇ ನೀರೊಳಗೆ ಚಿತ್ರ ತೆಗೆಯುವವರು, ಹವಳವನ್ನು ಮುಟ್ಟದೆ ತೆಗೆಯುವವರು. ಹವಳಗಳಿಗೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಗಿರಾಕಿಗೆ ತೋರಿಸಲೆಂದು ಸಮುದ್ರ ಸೌತೆ ಎಂಬ ಜೀವಿಯನ್ನು ಕೈಯಲ್ಲೆತ್ತಿ ಹಿಡಿಯುವವರಿಂದ ಒಳ್ಳೆಯ ಚಿತ್ರವೂ ಹುಟ್ಟುವುದಿಲ್ಲ.

ನಿಮ್ಮ ಹೆಂಡತಿಯ ವಿಷಯದಲ್ಲಿ ಮಾತು ಇನ್ನೂ ನೇರ. ಟ್ರೈ ಡೈವಿಗೆ ಈಜು ಬೇಡ, ಓಪನ್ ವಾಟರ್ ಕೋರ್ಸಿಗೆ ಬೇಕೇ ಬೇಕು. ಎಲ್ಲೂ ನಿಲ್ಲದೆ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಫಿನ್ಸ್, ಸ್ನಾರ್ಕೆಲ್ ಹಾಕಿಕೊಂಡು 300 ಮೀಟರ್. ಜೊತೆಗೆ ಏನನ್ನೂ ಹಿಡಿಯದೆ 10 ನಿಮಿಷ ತೇಲಬೇಕು. ಈಜಿಗೆ ಸಮಯದ ಮಿತಿಯಿಲ್ಲ, ಯಾವ ಶೈಲಿಯಾದರೂ ಆದೀತು, ನಾಯಿ ಈಜು ಈಜಿದರೂ ಯಾರೂ ನಗುವುದಿಲ್ಲ. ‘ಈಜು ಬರದಿದ್ದರೂ ಕಾರ್ಡ್ ಮಾಡಿಸಿಕೊಡ್ತೀವಿ ಸಾರ್’ ಎಂದವರು ನಿಯಮ ಮುರಿಯುವುದನ್ನು ಮೊದಲ ಮಾತಿನಲ್ಲೇ ಒಪ್ಪಿಕೊಂಡಂತಾಯಿತು. ಹಾಗೆ ಮಾತಾಡುವವರು ಸಿಲಿಂಡರಿನ ಪರೀಕ್ಷೆಯಲ್ಲೋ ರೆಗ್ಯುಲೇಟರ್ ಸರ್ವೀಸಿನಲ್ಲೋ ನಿಯಮ ಪಾಲಿಸುತ್ತಾರೆಂದು ಹೇಗೆ ನಂಬುವುದು?

ನಿಮ್ಮ ಹೆಂಡತಿ ಮೊದಲು ಬೆಂಗಳೂರಿನ ಯಾವುದಾದರೂ ಈಜುಕೊಳದಲ್ಲಿ ಎರಡು ಮೂರು ತಿಂಗಳು ಈಜು ಕಲಿಯಲಿ. ಆಮೇಲೆ ಸಮುದ್ರಕ್ಕಿಂತ ಮೊದಲು ಕೊಳದಲ್ಲೇ ಒಂದು ಸ್ಕೂಬಾ ತರಗತಿ, ಸಾಧ್ಯವಾದರೆ ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್. ಅವರಿಗೆ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದು: ಕಿವಿ ತೆರೆಯದಿದ್ದರೆ ಏನು ಮಾಡುತ್ತೀರಿ? ಇಳಿಯುವಾಗ ಕಿವಿಯೊಳಗಿನ ಒತ್ತಡವನ್ನು ಮೊದಲ ಮೀಟರಿನಿಂದಲೇ, ನೋವು ಶುರುವಾಗುವ ಮೊದಲೇ, ಮೂಗು ಹಿಡಿದು ಮೆಲ್ಲಗೆ ಊದಿ ಸರಿಮಾಡಿಕೊಳ್ಳುತ್ತಾ ಹೋಗಬೇಕು. ನೋವು ಬಂದ ಮೇಲೆ ಬಲವಾಗಿ ಊದಿದರೆ ಕಿವಿಗೆ ಪೆಟ್ಟಾಗಬಹುದು. ‘ಅರ್ಧ ಮೀಟರ್ ಮೇಲೆ ಬರುತ್ತೇವೆ, ಮತ್ತೆ ಪ್ರಯತ್ನಿಸುತ್ತೇವೆ, ಆಗದಿದ್ದರೆ ಅವತ್ತಿಗೆ ಬಿಟ್ಟುಬಿಡುತ್ತೇವೆ’ ಎನ್ನುವುದು ಸರಿಯುತ್ತರ. ‘ಸ್ವಲ್ಪ ಒತ್ತಿ ಕೆಳಗೆ ಹೋದರೆ ತಾನಾಗೇ ಸರಿಹೋಗತ್ತೆ’ ಎನ್ನುವುದು ಅಪಾಯದ ಮಾತು. ಭಯ ಇರುವವರಿಗೆ ಮಾತಿನ ಧಾಟಿಯೂ ಮುಖ್ಯ. ಕನ್ನಡದಲ್ಲೋ ಅವರಿಗೆ ಸಲೀಸಾದ ಭಾಷೆಯಲ್ಲೋ ಪ್ರತಿ ಕೈಸನ್ನೆಯನ್ನೂ ದಡದಲ್ಲೇ ಬಿಡಿಸಿ ಹೇಳುವವರು ಬೇಕು, ನೀರೊಳಗೆ ಮತ್ತೆ ಕೇಳಲು ಬಾಯಿ ಇರುವುದಿಲ್ಲ. ಯಾರು, ಯಾವಾಗ, ಯಾವ ಕಾರಣಕ್ಕೆ ಬೇಡ ಎಂದರೂ ಡೈವ್ ಅಲ್ಲಿಗೆ ಮುಗಿಯಿತು ಎಂಬುದು ಡೈವಿಂಗಿನ ಹಳೆಯ ನಿಯಮ. ಅದು ಗಂಡನ ಒತ್ತಾಯಕ್ಕೂ ಅನ್ವಯಿಸುತ್ತದೆ.

ನಿಮ್ಮ ವೀಸಿಂಗಿನ ವಿಷಯ ಹಗುರಾಗಿ ತೆಗೆದುಕೊಳ್ಳಬೇಡಿ. ಕೋರ್ಸಿಗೆ ಮೊದಲು ಆರೋಗ್ಯದ ಪ್ರಶ್ನಾವಳಿ ತುಂಬಬೇಕು. ಕೆಲವು ಉತ್ತರ ‘ಹೌದು’ ಆದರೆ ವೈದ್ಯರ ಸಹಿ ಬೇಕಾಗುತ್ತದೆ. ಉಸಿರ್ನಾಳ ಕಿರಿದಾಗಿ ಶ್ವಾಸಕೋಶದ ಒಂದು ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡರೆ, ಮೇಲೇರುವಾಗ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಡೈವಿಂಗಿನಲ್ಲಿ ಅಸ್ತಮಾಕ್ಕೆ ಅಷ್ಟು ಮಹತ್ವ ಕೊಡುವುದು ಅದಕ್ಕೇ. ಬಹಳ ವರ್ಷದಿಂದ ತೊಂದರೆ ಇಲ್ಲದವರಿಗೆ ಶ್ವಾಸಕೋಶ ತಜ್ಞರು ಉಸಿರಿನ ಪರೀಕ್ಷೆ ಮಾಡಿ ಅನುಮತಿ ಕೊಡುವುದುಂಟು. ಪ್ರಶ್ನಾವಳಿಯನ್ನು ತಿಂಗಳ ಮೊದಲೇ ಕಳಿಸುವ ಇನ್‌ಸ್ಟ್ರಕ್ಟರ್ ನಿಮಗೆ ಬೇಕು, ಬೆಂಗಳೂರಿನಲ್ಲೇ ವೈದ್ಯರನ್ನು ಕಾಣಬಹುದು. ದೋಣಿ ಹತ್ತುವ ಮುಂಚೆ ಹಾಳೆ ಕೊಟ್ಟು ‘ಎಲ್ಲಕ್ಕೂ ನೋ ಅಂತ ಟಿಕ್ ಮಾಡಿ’ ಎನ್ನುವವರ ಹತ್ತಿರ, ಎಷ್ಟೇ ರಿಯಾಯಿತಿ ಕೊಟ್ಟರೂ, ಇಳಿಯಬೇಡಿ.

ಇನ್‌ಸ್ಟ್ರಕ್ಟರಿನ ಜ್ಞಾನ ಅಳೆಯಲು ನಮ್ಮ ಕಡೆಗೇ ಹೊಂದುವ ಒಂದು ಪ್ರಶ್ನೆಯಿದೆ: ‘ಮುರ್ಡೇಶ್ವರದಲ್ಲಿ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ಅದೇ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡಬಹುದೇ?’ ಡೈವಿನಲ್ಲಿ ಮೈಗೆ ಸೇರಿದ ನೈಟ್ರೋಜನ್ ನಿಧಾನಕ್ಕೆ ಹೊರಬರುತ್ತದೆ. ಒತ್ತಡ ಬೇಗ ತಗ್ಗಿದರೆ ಅದು ಗುಳ್ಳೆಯಾಗುತ್ತದೆ. ವಿಮಾನಕ್ಕೆ ಡೈವರುಗಳ ಸುರಕ್ಷತಾ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ಸಲಹೆ ಒಂದೇ ಡೈವಾದರೆ 12 ಗಂಟೆ, ಹಲವು ಡೈವಾದರೆ 18 ಗಂಟೆ ಕಾಯಿರಿ ಎಂದು. ಸುಮಾರು 600 ಮೀಟರಿಗಿಂತ ಮೇಲಿನ ಎತ್ತರಕ್ಕೆ ಆ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಸ್ಸಾದರೂ ರೈಲಾದರೂ ಘಟ್ಟ ಹತ್ತಲೇಬೇಕು, ರೈಲಿನಲ್ಲಿ ಸಕಲೇಶಪುರವೂ ಅಷ್ಟೇ ಎತ್ತರ. ‘ವಿಮಾನಕ್ಕೆ ಮಾತ್ರ ಸಾರ್, ಬಸ್ಸಿಗೇನಿಲ್ಲ’ ಎನ್ನುವವರು ಇದನ್ನು ಯೋಚಿಸಿಯೇ ಇಲ್ಲ. ಕೋರ್ಸಿನ ಕೊನೆಯ ಡೈವ್ ಮುಗಿದ ರಾತ್ರಿ ಕಡಲ ತೀರದಲ್ಲೇ ಉಳಿಯುವಂತೆ ರಜೆ ಹಾಕಿ. ಇದೇ ಉಸಿರಿನಲ್ಲಿ, ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ, ಆ ಗುಳ್ಳೆಗಳಿಗೆ ಒತ್ತಡ ಹೆಚ್ಚಿಸಿ ಚಿಕಿತ್ಸೆ ಕೊಡುವ ಕೋಣೆ, ಅಂದರೆ ರೀಕಂಪ್ರೆಷನ್ ಚೇಂಬರ್, ಹತ್ತಿರದಲ್ಲಿ ಎಲ್ಲಿದೆ ಎಂದೂ ಕೇಳಿಬಿಡಿ.

ಎಲ್ಲಿ ಕಲಿಯುವುದು? ನೇತ್ರಾಣಿಗೆ ದೋಣಿಯಲ್ಲೇ ಒಂದೂವರೆ ಗಂಟೆ ಹಿಡಿಯುತ್ತದೆ, ಮಳೆಗಾಲದಲ್ಲಿ ಬಂದ್, ಡಿಸೆಂಬರಿನ ವಾರಾಂತ್ಯಗಳಲ್ಲಿ ಜಾತ್ರೆ. ಅಲ್ಲೇ ಕಲಿಯುವುದಾದರೆ ವಾರದ ನಡುವೆ ಹೋಗಿ. ಅಂಡಮಾನಿನ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್, ದಡದ ಹತ್ತಿರವೇ ಆಳವಿಲ್ಲದ ತಿಳಿನೀರು ಇರುವುದರಿಂದ ಕಲಿಯುವವರಿಗೆ ಸಲೀಸು. ಇಬ್ಬರಿಗೂ ಹೊಂದುವ ಮೂರನೆಯ ದಾರಿಯೂ ಇದೆ: ಥಿಯರಿ ಮತ್ತು ಐದು ಅಭ್ಯಾಸ ಡೈವುಗಳನ್ನು ಬೆಂಗಳೂರಿನ ಕೊಳದಲ್ಲೇ ವಾರಾಂತ್ಯಗಳಲ್ಲಿ ನಿಧಾನಕ್ಕೆ ಮುಗಿಸಿ, ಮುಗಿದ ಭಾಗಗಳ ದಾಖಲೆಯಾದ ರೆಫರಲ್ ಪತ್ರ ತೆಗೆದುಕೊಂಡು, ಸಮುದ್ರದ ನಾಲ್ಕು ಡೈವ್ ಬೇರೆಡೆ ಮಾಡುವುದು. ಪ್ಯಾಡಿಯಲ್ಲಿ ಇದಕ್ಕೆ 12 ತಿಂಗಳ ಅವಕಾಶವಿದೆ. ನಿಮ್ಮದು ಮುಗಿದು ಹೆಂಡತಿಯದು ಇನ್ನೂ ಕೊಳದಲ್ಲೇ ಇದ್ದರೂ ಚಿಂತೆಯಿಲ್ಲ.

ಬೆಲೆ ಕೇಳುವಾಗ ಒಟ್ಟು ಎಷ್ಟು ಎಂದಷ್ಟೇ ಕೇಳಬೇಡಿ. ಆನ್‌ಲೈನ್ ಪಾಠದ ಶುಲ್ಕ, ಸರ್ಟಿಫಿಕೇಟಿನ ಶುಲ್ಕ, ದೋಣಿ, ಸಲಕರಣೆಯ ಬಾಡಿಗೆ ಇವೆಲ್ಲ ಸೇರಿದೆಯೇ, ಒಂದು ದಿನ ಹೆಚ್ಚು ಬೇಕಾದರೆ ಎಷ್ಟು, ಕಡಲು ಕೆಟ್ಟು ದೋಣಿ ಹೊರಡದಿದ್ದರೆ ಹಣ ಏನಾಗುತ್ತದೆ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಕೋರ್ಸಿನ ನಡುವೆ ಈ ಇನ್‌ಸ್ಟ್ರಕ್ಟರ್ ಹೊಂದುತ್ತಿಲ್ಲ ಅನಿಸಿದರೆ ಜಗಳ ಬೇಡ, ಹಲ್ಲುಕಚ್ಚಿ ಮುಗಿಸುವುದೂ ಬೇಡ. ಅದುವರೆಗೆ ಮುಗಿದ ಭಾಗಗಳ ದಾಖಲೆಗೆ ಅವರ ಸಹಿ ಹಾಕಿಸಿಕೊಂಡು ಬನ್ನಿ. ಉಳಿದದ್ದನ್ನು ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಆ ಹೊಸಬರು ನೀರಿಗಿಳಿಸುವ ಮೊದಲು ಹಳೆಯ ಕೌಶಲಗಳನ್ನು ಒಮ್ಮೆ ಮಾಡಿಸಿ ನೋಡುತ್ತಾರೋ ಇಲ್ಲವೋ ಗಮನಿಸಿ.